8 ಜಿಬಿ ಸಾಕಾ, 16 ಬೇಕಾ? ಹ್ಯಾಂಡ್‌ಹೆಲ್ಡ್ ಜಿಪಿಎಸ್ ಕೊಳ್ಳುವ ಮುಂಚೆ

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿ ಕಡೆಯವನು, ಕೆಲಸ ಶಿವಮೊಗ್ಗದಲ್ಲಿ. ಮಳೆಗಾಲ ಮುಗಿದ ಮೇಲೆ ನಾಲ್ಕೈದು ಜನ ಗೆಳೆಯರು ಸೇರಿ ಚಾರಣಕ್ಕೆ ಹೋಗುತ್ತೇವೆ. ಕುದುರೆಮುಖ, ಕುಮಾರಪರ್ವತ, ನರಸಿಂಹಪರ್ವತ ಎಲ್ಲ ಆಗಿದೆ. ಮೊಬೈಲ್ ಬ್ಯಾಟರಿ ಅರ್ಧ ದಾರಿಗೇ ಕೈಕೊಡುತ್ತದೆ ಅಂತ ಒಂದು ಹ್ಯಾಂಡ್‌ಹೆಲ್ಡ್ ಜಿಪಿಎಸ್ ತಗೊಳ್ಳುವ ಯೋಚನೆ ಇದೆ. ಅಂಗಡಿಯವರು "8 ಜಿಬಿಯಲ್ಲಿ ಕರ್ನಾಟಕದ ಮ್ಯಾಪೇ ಹಿಡಿಸಲ್ಲ, 16 ಜಿಬಿಯದ್ದೇ ತಗೊಳ್ಳಿ, ಮೆಮೊರಿ ಜಾಸ್ತಿ ಇದ್ದಷ್ಟೂ ಜಾಗ ಕರೆಕ್ಟಾಗಿ ತೋರಿಸುತ್ತೆ" ಅಂದರು. ಬೆಲೆಯಲ್ಲಿ ತುಂಬಾ ವ್ಯತ್ಯಾಸ. ಅಮೆರಿಕದಲ್ಲಿರುವ ನಮ್ಮ ಭಾವ ಡಿಸೆಂಬರ್‌ನಲ್ಲಿ ಬರುತ್ತಾರೆ, ಅಲ್ಲಿಂದಲೇ ತರುತ್ತೇನೆ ಅನ್ನುತ್ತಾರೆ. ಗೆಳೆಯನೊಬ್ಬ ಗಾರ್ಮಿನ್ ಕಂಪನಿಯ ತನ್ನ ಹಳೇ ಇಟ್ರೆಕ್ಸ್ 10 ಅಗ್ಗಕ್ಕೆ ಕೊಡುತ್ತೇನೆ ಅಂತಾನೆ. ಹಾಗೇ ನಮ್ಮ ಅಡಿಕೆ ತೋಟದ ಗಡಿಯನ್ನೂ ಇದರಲ್ಲೇ ಗುರುತು ಮಾಡಿಕೊಳ್ಳಬಹುದಾ? ಎಷ್ಟು ಜಿಬಿ ಇದ್ದರೆ ಸಾಕು, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಕೆಲಸಕ್ಕೆ 8 ಜಿಬಿ ಸಾಕು. ಮೈಕ್ರೊ ಎಸ್‌ಡಿ ಕಾರ್ಡ್ ಹಾಕುವ ಜಾಗ ಇದ್ದರೆ 4 ಜಿಬಿಯ ಹಳೇ ಮಾಡೆಲ್ಲೂ ನಡೆಯುತ್ತದೆ. ಕಾರ್ಡಿಗೆ ಜಾಗ ಇಲ್ಲದ್ದನ್ನು ಮಾತ್ರ ಮುಟ್ಟಬೇಡಿ, ಅಂದರೆ ಗೆಳೆಯರ ಇಟ್ರೆಕ್ಸ್ 10 ಬೇಡ. ಅದರ ಕಾರಣ ಮುಂದೆ ಹೇಳುತ್ತೇನೆ.

ನಿಮ್ಮ ಆತಂಕ ಏನು ಅಂತ ನನಗೆ ಅರ್ಥವಾಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಮೇಲೆ ಕಾಡಿನ ಮಧ್ಯೆ ನಿಂತು ನೋಡಿದರೆ ಪರದೆ ಖಾಲಿ ಇರಬಾರದು, ಅಷ್ಟೇ ಅಲ್ವಾ? ಆ ಆತಂಕ ಸುಮ್ನೆ ಅಲ್ಲ. ಕಾಡು, ತೋಟಗಳಲ್ಲಿ ಜಿಪಿಎಸ್ ಬಳಸುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಹೊಸ ಉಪಕರಣ ಹಿಡಿದುಕೊಂಡು ಬರುವವರಲ್ಲಿ ಸುಮಾರು ಜನರ ಪರದೆ ಖಾಲಿಯೇ ಇರುತ್ತದೆ. ಆದರೆ ಅದಕ್ಕೆ ಕಾರಣ ಜಿಬಿ ಕಮ್ಮಿ ಆಗಿದ್ದಲ್ಲ. ಒಳಗೆ ನಮ್ಮ ಕಡೆಯ ನಕ್ಷೆಯನ್ನೇ ಯಾರೂ ಹಾಕಿರುವುದಿಲ್ಲ.

ಅಂಗಡಿಯವರು ಹೇಳಿದ ಎರಡು ಮಾತಿನಲ್ಲಿ ಎರಡನೆಯದನ್ನು ಮೊದಲು ಮುಗಿಸೋಣ. ಮೆಮೊರಿಗೂ ಜಾಗ ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವುದಕ್ಕೂ ಯಾವ ಸಂಬಂಧವೂ ಇಲ್ಲ. ನೀವು ನಿಂತಿರುವ ಜಾಗವನ್ನು ಲೆಕ್ಕ ಹಾಕುವುದು ಉಪಗ್ರಹದ ಸಿಗ್ನಲ್ ಹಿಡಿಯುವ ಆಂಟೆನಾ ಮತ್ತು ಚಿಪ್. ನಕ್ಷೆ ಅನ್ನುವುದು ಆ ಚುಕ್ಕಿಯ ಹಿಂದೆ ಹಾಸಿದ ಚಿತ್ರ. ನಕ್ಷೆಯೇ ಇಲ್ಲದಿದ್ದರೂ ಅಕ್ಷಾಂಶ ರೇಖಾಂಶ ಅಷ್ಟೇ ಸರಿಯಾಗಿ ಬರುತ್ತದೆ. ಗಾರ್ಮಿನ್‌ನದೇ 16 ಜಿಬಿಯ ಜಿಪಿಎಸ್‌ಮ್ಯಾಪ್ 65 ದಟ್ಟ ಕಾಡಿನಲ್ಲಿ 8 ಜಿಬಿಯ ಇಟ್ರೆಕ್ಸ್ 22ಎಕ್ಸ್‌ಗಿಂತ ಚೆನ್ನಾಗಿ ಜಾಗ ಹಿಡಿಯುವುದು ನಿಜ. ಅದು ಎರಡು ತರಂಗಾಂತರದಲ್ಲಿ ಸಿಗ್ನಲ್ ಪಡೆಯುತ್ತದೆ, ಹೆಚ್ಚು ದೇಶಗಳ ಉಪಗ್ರಹಗಳನ್ನು ಬಳಸುತ್ತದೆ, ಅದಕ್ಕೆ. ಜಿಬಿ ಹೆಚ್ಚಿದೆ ಅಂತಲ್ಲ. ದುಬಾರಿ ಮಾಡೆಲ್ಲಿನಲ್ಲಿ ಎರಡೂ ಒಟ್ಟಿಗೆ ಬರುವುದರಿಂದ ಅಂಗಡಿಯವರು ಒಂದರ ಪುಣ್ಯವನ್ನು ಇನ್ನೊಂದರ ಖಾತೆಗೆ ಹಾಕಿದ್ದಾರೆ.

ಇನ್ನು ಕರ್ನಾಟಕದ ಮ್ಯಾಪ್ ಹಿಡಿಸಲ್ಲ ಅನ್ನುವ ಮಾತು. ಇದರಲ್ಲಿ ಒಂದು ಚೂರು ಸತ್ಯ ಇದೆ. ಯಾವ ಥರದ ಮ್ಯಾಪ್ ಅನ್ನುವುದರ ಮೇಲೆ ಅದು ನಿಂತಿದೆ.

ನಕ್ಷೆಯಲ್ಲಿ ಎರಡು ಜಾತಿ. ಒಂದು ಗೆರೆಗಳ ನಕ್ಷೆ, ವೆಕ್ಟರ್ ಅನ್ನುತ್ತಾರೆ. ಇನ್ನೊಂದು ಚಿತ್ರದ ನಕ್ಷೆ, ರಾಸ್ಟರ್. ಮೊದಲನೆಯದು ರಂಗೋಲಿ ಪುಸ್ತಕದಲ್ಲಿ "15 ಚುಕ್ಕಿ, 8ರವರೆಗೆ" ಅಂತ ಬರೆದುಕೊಂಡ ಹಾಗೆ, ಎರಡನೆಯದು ಬಿಡಿಸಿದ ರಂಗೋಲಿಯ ಫೋಟೊ ತೆಗೆದಿಟ್ಟ ಹಾಗೆ. ವೆಕ್ಟರಿನಲ್ಲಿ ರಸ್ತೆ ಎಲ್ಲಿ ಶುರು, ಎಲ್ಲಿ ತಿರುವು, ಹೆಸರೇನು ಅನ್ನುವ ವಿವರ ಮಾತ್ರ ಇರುತ್ತದೆ. ಗೆರೆ ಎಳೆಯುವ ಕೆಲಸ ಉಪಕರಣದ್ದು. ಹಾಗಾಗಿ ಜಾಗ ತೀರಾ ಕಮ್ಮಿ ಸಾಕು. ಜನರೇ ಸೇರಿ ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯಿಂದ ಗಾರ್ಮಿನ್‌ಗೆ ಅಂತ ತಯಾರಿಸಿದ ನಕ್ಷೆ ಪುಕ್ಕಟೆ ಸಿಗುತ್ತದೆ. ಕರ್ನಾಟಕ ಇರಲಿ, ಇಡೀ ಭಾರತದ ರಸ್ತೆ, ಹೊಳೆ, ಊರು, ಕಾಲುದಾರಿ ಎಲ್ಲ 8 ಜಿಬಿಯೊಳಗೆ ಆರಾಮಾಗಿ ಕೂರುತ್ತದೆ, ಇನ್ನೂ ಜಾಗ ಮಿಗುತ್ತದೆ.

ಚಿತ್ರದ ನಕ್ಷೆ ಹಾಗಲ್ಲ. ಉಪಗ್ರಹದ ಫೋಟೊ ಬೇಕು ಅಂತ ಹೊರಟರೆ ಲೆಕ್ಕವೇ ಬೇರೆ. ಆನ್‌ಲೈನ್ ನಕ್ಷೆಗಳಲ್ಲಿ ಚಿತ್ರವನ್ನು ಚೌಕ ಚೌಕವಾಗಿ ಕತ್ತರಿಸಿಟ್ಟಿರುತ್ತಾರೆ. 16ನೇ ಹಂತದ ಜೂಮ್‌ನಲ್ಲಿ ಒಂದು ಚೌಕ ನಮ್ಮ ಕಡೆ ಸುಮಾರು 600 ಮೀಟರ್ ಉದ್ದ, 600 ಮೀಟರ್ ಅಗಲ. ಒಂದೊಂದು ಜೂಮ್ ಹಂತ ಹತ್ತಿರ ಹೋದಾಗಲೂ ಒಂದು ಚೌಕ ನಾಲ್ಕಾಗುತ್ತದೆ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿ.ಮೀ. ಅಂದರೆ 16ನೇ ಹಂತದಲ್ಲೇ ಐದು ಲಕ್ಷಕ್ಕೂ ಜಾಸ್ತಿ ಚೌಕ. ಒಂದಕ್ಕೆ 20 ಕೆಬಿ ಅಂತ ಹಿಡಿದರೂ ಹತ್ತು ಜಿಬಿ ದಾಟಿತು. 17ನೇ ಹಂತಕ್ಕೆ ಹೋದರೆ ನಲವತ್ತು ದಾಟುತ್ತದೆ. ಈ ಲೆಕ್ಕದಲ್ಲಿ ಅಂಗಡಿಯವರು ಹೇಳಿದ್ದು ಸರಿ, ಆದರೆ 17ನೇ ಹಂತಕ್ಕೆ ಹೋದರೆ ಅವರು ಮಾರುವ 16 ಜಿಬಿಯಲ್ಲೂ ಹಿಡಿಸಲ್ಲ!

ಹಾಗಂತ ಇಡೀ ರಾಜ್ಯದ ಫೋಟೊ ಹೊತ್ತುಕೊಂಡು ಯಾರು ತಿರುಗುತ್ತಾರೆ? ಕುದುರೆಮುಖದ ಸುತ್ತಮುತ್ತ ಒಂದು ಸಾವಿರ ಚದರ ಕಿ.ಮೀ. ತೆಗೆದುಕೊಳ್ಳಿ. 16ನೇ ಹಂತದಲ್ಲಿ ಐವತ್ತು ಅರವತ್ತು ಎಂಬಿ, 17ರಲ್ಲಿ ಇನ್ನೂರು ಚಿಲ್ಲರೆ. ಜಾಗದ ಮಟ್ಟಿಗೆ ಅಷ್ಟಕ್ಕೆ 8 ಜಿಬಿ ಧಾರಾಳ. ಚಾರಣಕ್ಕೆ ಹೋಗುವ ಮುಂಚೆ ಆ ಗುಡ್ಡದ ಸುತ್ತಲಿನದನ್ನು ಹಾಕಿಕೊಳ್ಳುವುದು, ಬಂದ ಮೇಲೆ ಅಳಿಸುವುದು. ನನ್ನ ಕೇಳಿದರೆ ಫೋಟೊ ನಕ್ಷೆಯೇ ಅಷ್ಟು ಮುಖ್ಯವಲ್ಲ. ಶೋಲಾ ಕಾಡಿನ ಮೇಲೆ ಫೋಟೊದಲ್ಲಿ ಕಾಣುವುದು ಹಸಿರು ಒಂದೇ, ಅಡಿಯಲ್ಲಿ ದಾರಿ ಇದೆಯೋ ಹಳ್ಳ ಇದೆಯೋ ಗೊತ್ತಾಗಲ್ಲ. ಬೋಳುಗುಡ್ಡದ ಹುಲ್ಲುಗಾವಲಿನಲ್ಲಿ ಮಾತ್ರ ಅದರಿಂದ ಉಪಯೋಗ ಇದೆ, ಸವೆದ ದಾರಿ ಬಿಳಿ ಗೆರೆಯಾಗಿ ಕಾಣುತ್ತದೆ.

ಈಗ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕದ ಮಿತಿಗಳ ವಿಷಯಕ್ಕೆ ಬರೋಣ, ನಿಜವಾಗಿ ಕೈಕೊಡುವುದು ಇವು.

ಜಿಬಿ ಅನ್ನುವುದು ಒಂದೇ ಗೋದಾಮು ಅಂತ ನಾವು ಅಂದುಕೊಳ್ಳುತ್ತೇವೆ. ಉಪಕರಣದೊಳಗೆ ಬೇರೆ ಬೇರೆ ಮಿತಿಗಳಿವೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಇಟ್ರೆಕ್ಸ್ 22ಎಕ್ಸ್‌ನಲ್ಲಿ 2,000 ವೇಪಾಯಿಂಟ್ (ಗುರುತು ಮಾಡಿಟ್ಟ ಜಾಗ) ಇಡಬಹುದು, ಒಂದು ಟ್ರ್ಯಾಕ್‌ಗೆ (ನಡೆದ ದಾರಿಯ ದಾಖಲೆಗೆ) 10,000 ಬಿಂದು, ಅಂಥ 200 ಟ್ರ್ಯಾಕ್. 32 ಜಿಬಿ ಕಾರ್ಡ್ ಹಾಕಿದರೂ ಈ ಸಂಖ್ಯೆ ಒಂದೂ ಏರುವುದಿಲ್ಲ. ಸೆಕೆಂಡಿಗೊಂದು ಬಿಂದು ದಾಖಲಿಸು ಅಂತ ಇಟ್ಟುಬಿಟ್ಟರೆ 10,000 ಬಿಂದು ಎರಡು ಮುಕ್ಕಾಲು ಗಂಟೆಯಲ್ಲಿ ತುಂಬುತ್ತದೆ. ಹತ್ತು ಸೆಕೆಂಡಿಗೊಂದು ಅಂತ ಇಟ್ಟರೆ ಇಪ್ಪತ್ತೇಳು ಗಂಟೆ ಬರುತ್ತದೆ. ನಡೆಯುವವರಿಗೆ ಅಷ್ಟು ಸಾಕೇ ಸಾಕು, ಹತ್ತು ಸೆಕೆಂಡಿನಲ್ಲಿ ನಾವು ಹತ್ತು ಹೆಜ್ಜೆ ಹಾಕಿರುತ್ತೇವೆ, ಏರಿನಲ್ಲಿ ಅದೂ ಇಲ್ಲ. "ಮೆಮೊರಿ ಫುಲ್ ಅಂತ ಬಂತು, ಕಾರ್ಡ್ ದೊಡ್ಡದು ಹಾಕಿದೆ, ಆದರೂ ಬರ್ತಿದೆ" ಅನ್ನುವ ದೂರು ಬಂದರೆ ನಾನು ಮೊದಲು ನೋಡುವುದೇ ಇದನ್ನು. ಅಂದಹಾಗೆ 10,000 ಬಿಂದುವಿನ ಒಂದು ಟ್ರ್ಯಾಕ್ ಫೈಲ್ ಅಂದರೆ ಒಂದೆರಡು ಎಂಬಿ, ಅಷ್ಟೇ. ಜಾಗ ತಿನ್ನುವುದು ಅದಲ್ಲ.

ಚಿತ್ರದ ನಕ್ಷೆಗೂ ಇಂಥದ್ದೇ ಕಟ್ಟುಪಾಡು ಇದೆ. ನಾವೇ ಸ್ಕ್ಯಾನ್ ಮಾಡಿ ಕೆಎಂಜೆಡ್ ಫೈಲಾಗಿ ಹಾಕುವ ಕಸ್ಟಮ್ ಮ್ಯಾಪ್‌ಗಳಲ್ಲಿ ಒಂದೊಂದು ತುಂಡು ಸುಮಾರು 1024ಕ್ಕೆ 1024 ಪಿಕ್ಸೆಲ್ ದಾಟಬಾರದು. ಇಟ್ರೆಕ್ಸ್‌ಗೆ ಒಟ್ಟು 100 ತುಂಡು, ದೊಡ್ಡ ಮಾಡೆಲ್ಲುಗಳಿಗೆ 500. ನೂರು ದಾಟಿದ್ದು ಕಾಣಿಸುವುದಿಲ್ಲ, ಜಾಗ ಎಷ್ಟೇ ಖಾಲಿ ಇದ್ದರೂ. ವೆಕ್ಟರ್ ನಕ್ಷೆಯನ್ನೂ ತುಂಡು ತುಂಡಾಗಿ ಕಟ್ಟಿರುತ್ತಾರೆ, ಹಳೇ ಉಪಕರಣಗಳಿಗೆ ಒಟ್ಟು ಇಷ್ಟೇ ತುಂಡು ಅನ್ನುವ ಮಿತಿ ಇದೆ. ಭಾರತ, ನೇಪಾಳ, ಶ್ರೀಲಂಕಾ ಎಲ್ಲ ಇರಲಿ ಅಂತ ತುಂಬಿಸಿದವರಿಗೆ ಇದು ಅಡ್ಡ ಬರುತ್ತದೆ. ಕರ್ನಾಟಕ, ಕೇರಳ, ಗೋವಾ ಅಂತ ಇಟ್ಟುಕೊಂಡರೆ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಇನ್ನು ಕಾರ್ಡು. ಈ ವರ್ಗದ ಉಪಕರಣಗಳು ಸಾಮಾನ್ಯವಾಗಿ 32 ಜಿಬಿವರೆಗಿನ ಮೈಕ್ರೊ ಎಸ್‌ಡಿ ಕಾರ್ಡ್ ಒಪ್ಪುತ್ತವೆ. ಅದು ಫ್ಯಾಟ್32 ಅನ್ನುವ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. 64 ಜಿಬಿಯ ಕಾರ್ಡು ಕಂಪನಿಯಿಂದಲೇ ಎಕ್ಸ್‌ಫ್ಯಾಟ್ ಆಗಿ ಬರುತ್ತದೆ, ಹಾಕಿದರೆ ಉಪಕರಣ ಅದನ್ನು ಗುರುತಿಸದೇ ಇರಬಹುದು. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ ಅನ್ನುವುದೂ ನೆನಪಿರಲಿ. ಕಾಪಿ ಮಾಡುವಾಗ ಅರ್ಧಕ್ಕೆ ನಿಂತು ತಪ್ಪು ತೋರಿಸಿದರೆ ಕಾರ್ಡ್ ಕೆಟ್ಟಿದೆ ಅಂತ ಬೈಯಬೇಡಿ, ಫೈಲ್ ದೊಡ್ಡದಾಗಿರುತ್ತದೆ. ನಿಮಗೆ 16 ಜಿಬಿಯ ಕಾರ್ಡು ಧಾರಾಳ, 32 ಆದರೂ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಹೆಸರಿರುವ ಕಂಪನಿಯದ್ದು, ಬಿಲ್ ಕೊಡುವ ಕಡೆ ತಗೊಳ್ಳಿ. ನಕಲಿ ಕಾರ್ಡುಗಳು ಮಾರ್ಕೆಟ್ಟಿನಲ್ಲಿ ಬೇಕಾದಷ್ಟಿವೆ. ಮೇಲೆ 32 ಅಂತ ಬರೆದಿರುತ್ತದೆ, ಕಂಪ್ಯೂಟರಿಗೂ 32 ಅಂತಲೇ ತೋರಿಸುತ್ತದೆ, ಒಳಗೆ ಇರುವುದು 4. ನಾಲ್ಕು ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳು. ಹೊಸ ಕಾರ್ಡಿಗೆ ಪೂರ್ತಿ ತುಂಬುವಷ್ಟು ಫೈಲ್ ಹಾಕಿ, ಅದನ್ನೆಲ್ಲ ವಾಪಸ್ ಕಾಪಿ ಮಾಡಿ ತೆರೆದು ನೋಡಿದರೆ ಬಣ್ಣ ಬಯಲಾಗುತ್ತದೆ.

ಹಾಕುವ ಕ್ರಮವನ್ನೂ ಹೇಳುತ್ತೇನೆ, ಯಾಕೆಂದರೆ ಕಾರ್ಡಿನ ಜಾಗವೇ ಸಿಗದೆ ಒದ್ದಾಡುವವರಿದ್ದಾರೆ. ಇಟ್ರೆಕ್ಸ್‌ನ ಹಿಂಬದಿಯಲ್ಲಿ ಅರ್ಧಚಂದ್ರದಂಥ ಒಂದು ಲೋಹದ ಬಳೆ ಮಲಗಿರುತ್ತದೆ. ಅದನ್ನು ಎತ್ತಿ, ಎಡಕ್ಕೆ ತಿರುಗಿಸಿ ಎಳೆದರೆ ಮುಚ್ಚಳ ಬರುತ್ತದೆ. ಎರಡು ಡಬಲ್ ಎ ಸೆಲ್ ತೆಗೆಯಿರಿ. ಕಾರ್ಡಿನ ಗೂಡು ಇರುವುದು ಸೆಲ್‌ಗಳ ಅಡಿಯಲ್ಲಿ. ಅಲ್ಲಿ ಉಗುರಿನಷ್ಟು ತೆಳು ತಗಡಿನ ಬಾಗಿಲು ಇರುತ್ತದೆ, ಅದನ್ನು ಸ್ವಲ್ಪ ಸರಿಸಿದರೆ ಏಳುತ್ತದೆ, ಕಾರ್ಡ್ ಇಟ್ಟು ಮತ್ತೆ ಮಲಗಿಸಿ ವಾಪಸ್ ಸರಿಸಬೇಕು. ಸರಿಸದೇ ಬಿಟ್ಟರೆ ಕಾರ್ಡ್ ಅಲ್ಲಾಡಿ, ನಕ್ಷೆ ಒಮ್ಮೆ ಬಂದು ಒಮ್ಮೆ ಮಾಯವಾಗುತ್ತದೆ. ಮಳೆಯಲ್ಲಿ ನಿಂತು ಇದನ್ನೆಲ್ಲ ಮಾಡಲು ಹೋಗಬೇಡಿ. ಉಪಕರಣ ನೀರು ತಡೆಯುವುದು ಮುಚ್ಚಳ ಹಾಕಿದ್ದರೆ ಮಾತ್ರ. ಕಾರ್ಡಿನೊಳಗೆ ಗಾರ್ಮಿನ್ ಅಂತ ಇಂಗ್ಲಿಷಿನಲ್ಲಿ ಹೆಸರಿಟ್ಟ ಒಂದು ಫೋಲ್ಡರ್ ಮಾಡಿ, ಐಎಂಜಿ ಅನ್ನುವ ಬಾಲ ಇರುವ ನಕ್ಷೆ ಫೈಲನ್ನು ಅದರಲ್ಲಿ ಇಟ್ಟರೆ ಮುಗಿಯಿತು. ಅಷ್ಟು ಮಾಡಿ ಉಪಕರಣದ ಸೆಟಪ್‌ನಲ್ಲಿ ಮ್ಯಾಪ್ ಅಂತ ಇರುವ ಕಡೆ ಹೋದರೆ ನಕ್ಷೆಗಳ ಪಟ್ಟಿ ಕಾಣುತ್ತದೆ.

ಆ ಪಟ್ಟಿಯಲ್ಲಿ ಇರುವುದನ್ನೆಲ್ಲ ಒಟ್ಟಿಗೆ ಚಾಲೂ ಇಡಬೇಡಿ. ಒಂದರ ಮೇಲೊಂದು ಎಳೆಯುತ್ತಾ ಕೂತರೆ ಪರದೆ ನಿಧಾನ ಆಗುತ್ತದೆ, ಒಂದು ನಕ್ಷೆ ಇನ್ನೊಂದನ್ನು ಮುಚ್ಚುವುದೂ ಉಂಟು. ಈ ಉಪಕರಣಗಳ ಪ್ರೊಸೆಸರ್ ನಿಮ್ಮ ಫೋನಿನ ಮುಂದೆ ತುಂಬಾ ಬಡಪಾಯಿ. ಅದಕ್ಕೇ ಹೇಳುವುದು, ಜಾಗ ಇದೆ ಅಂತ ಸಿಕ್ಕಿದ್ದೆಲ್ಲ ತುಂಬುವುದು ಲಾಭವಲ್ಲ, ತೊಂದರೆ.

ಭಾವ ತರುವ ಉಪಕರಣದ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಮಾರುವ ಇಟ್ರೆಕ್ಸ್ 22ಎಕ್ಸ್‌ನಲ್ಲಿ ಉತ್ತರ ಅಮೆರಿಕದ ಟೊಪೊ ನಕ್ಷೆ (ನೆಲದ ಏರಿಳಿತವನ್ನೂ ತೋರಿಸುವ ನಕ್ಷೆ) ಮೊದಲೇ ತುಂಬಿರುತ್ತದೆ. ಡಬ್ಬಿ ಮೇಲೆ 8 ಜಿಬಿ, ಒಳಗೆ ನಿಮಗೆ ಖಾಲಿ ಸಿಗುವುದು ಅದಕ್ಕಿಂತ ತುಂಬಾ ಕಮ್ಮಿ. ಇಲ್ಲಿಗೆ ತಂದು ಆನ್ ಮಾಡಿದರೆ ಏನು ಕಾಣುತ್ತದೆ ಗೊತ್ತಾ? ಬೇಸ್‌ಮ್ಯಾಪ್. ಪ್ರಪಂಚ ಪೂರ್ತಿ ಇರುತ್ತದೆ, ಆದರೆ ಹೆದ್ದಾರಿಯದ್ದೊಂದು ಗೆರೆ, ದೊಡ್ಡ ಊರಿನ ಹೆಸರು, ಸಮುದ್ರದ ಅಂಚು, ಅಷ್ಟೇ. ಆಗುಂಬೆ ಘಾಟಿಯಲ್ಲಿ ನಿಂತರೆ ಮಬ್ಬು ಹಿನ್ನೆಲೆಯ ಮೇಲೆ ನಿಮ್ಮ ಬಾಣದ ಗುರುತು ಒಂದೇ ಇರುತ್ತದೆ. ನಾನು ಮೊದಲು ಹೇಳಿದ ಖಾಲಿ ಪರದೆ ಅಂದರೆ ಇದೇ. ಅಂಗಡಿಯವರು "ವರ್ಲ್ಡ್ ಮ್ಯಾಪ್ ಇನ್‌ಬಿಲ್ಟ್" ಅಂತ ಹೇಳುವುದು ಇದನ್ನೇ, ಸುಳ್ಳಲ್ಲ, ಆದರೆ ಕೆಲಸಕ್ಕೆ ಬರುವುದಿಲ್ಲ.

ಇದಕ್ಕೆ ಪರಿಹಾರ ಸುಲಭ. ಅಮೆರಿಕದ ನಕ್ಷೆಯನ್ನು ಕಂಪ್ಯೂಟರಿಗೆ ಕಾಪಿ ಮಾಡಿಟ್ಟುಕೊಂಡು ಆಮೇಲೆ ಅಳಿಸಬಹುದು, ಅಥವಾ ಅದನ್ನು ಹಾಗೇ ಬಿಟ್ಟು ಪಟ್ಟಿಯಲ್ಲಿ ಆಫ್ ಮಾಡಿ, ನಮ್ಮದನ್ನು ಕಾರ್ಡಿನಲ್ಲಿ ಹಾಕಬಹುದು. ಎರಡನೆಯದೇ ಸುರಕ್ಷಿತ. ಸಿಸ್ಟಂ ಫೈಲ್ ಯಾವುದು, ನಕ್ಷೆ ಯಾವುದು ಅಂತ ಗೊತ್ತಿಲ್ಲದೆ ಅಳಿಸಿ, ಉಪಕರಣ ಆನ್ ಆಗದೇ ಹೋದದ್ದೂ ಇದೆ. ವಾರಂಟಿ ಇಲ್ಲಿ ನಡೆಯುತ್ತದೆಯೇ ಅಂತ ಕೊಳ್ಳುವ ಮುಂಚೆ ಕೇಳಿಸಿ. ನಡೆಯದಿದ್ದರೆ ಬೆಲೆ ಎಷ್ಟು ಉಳಿಯುತ್ತದೆ ಅನ್ನುವುದರ ಮೇಲೆ ನಿರ್ಧಾರ ಮಾಡಿ.

ಪುಕ್ಕಟೆ ನಕ್ಷೆ ಎಷ್ಟು ನಂಬಬಹುದು ಅಂತ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವುದು ಜನರೇ ನಡೆದು, ಗುರುತು ಮಾಡಿ ಸೇರಿಸಿದ್ದು. ಕುಮಾರಪರ್ವತದಂಥ ಜನ ಓಡಾಡುವ ದಾರಿ ಚೆನ್ನಾಗಿ ಬಂದಿರುತ್ತದೆ. ಊರವರು ದನ ಹೊಡೆದುಕೊಂಡು ಹೋಗುವ ಕಾಲುದಾರಿ ಇರಬಹುದು, ಇಲ್ಲದಿರಬಹುದು. ನಕ್ಷೆಯಲ್ಲಿ ಗೆರೆ ಇದೆ ಅಂದಮಾತ್ರಕ್ಕೆ ಅಲ್ಲಿ ಹೋಗಲು ಅರಣ್ಯ ಇಲಾಖೆಯ ಅನುಮತಿ ಇದೆ ಅಂತಲೂ ಅಲ್ಲ. ಊರಿನ ಹೆಸರು ಕನ್ನಡ ಅಕ್ಷರದಲ್ಲಿ ಬರಲಿ ಅಂತ ಆಸೆಪಡಬೇಡಿ. ಈ ಉಪಕರಣಗಳಿಗೆ ಸಿಗುವ ನಕ್ಷೆಗಳು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಿಗೆ ಹೊಂದಿಸಿದವು, ಇಂಗ್ಲಿಷ್ ಹೆಸರಿನ ನಕ್ಷೆಯನ್ನೇ ಆರಿಸಿಕೊಳ್ಳಿ.

ಗುಡ್ಡದ ಎತ್ತರ ತೋರಿಸುವ ಕಾಂಟೂರ್ ಗೆರೆಗಳು ಹೆಚ್ಚಾಗಿ ಬೇರೆ ಫೈಲಾಗಿ ಬರುತ್ತವೆ, ಕೆಲವೊಮ್ಮೆ ಮೂಲ ನಕ್ಷೆಗಿಂತ ಇವೇ ಜಾಸ್ತಿ ಜಾಗ ತಿನ್ನುತ್ತವೆ. ಘಟ್ಟದಲ್ಲಿ ನಡೆಯುವವರಿಗೆ ಇವು ಬೇಕೇ ಬೇಕು, ಜಾಗ ಉಳಿಸಲು ಹೋಗಿ ಇವನ್ನು ಬಿಡಬೇಡಿ. ಗೆರೆಗಳು ಒತ್ತೊತ್ತಾಗಿ ಬಂದರೆ ಪ್ರಪಾತ, ಬಿಡಿಬಿಡಿಯಾಗಿ ಬಂದರೆ ಸಪಾಟು. ಆದರೆ ಇವು ಬಂದದ್ದು ಎಲ್ಲಿಂದ ಅನ್ನುವುದು ತಿಳಿದಿರಲಿ. 2000ನೇ ಇಸವಿಯ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ನೌಕೆ ಹನ್ನೊಂದು ದಿನದ ಯಾನದಲ್ಲಿ ರೇಡಾರ್‌ನಿಂದ ಭೂಮಿಯ ಎತ್ತರ ಅಳೆಯಿತು. ಪುಕ್ಕಟೆ ಕಾಂಟೂರ್‌ಗಳು ಬಹುತೇಕ ಆ ಮಾಹಿತಿಯಿಂದ ಆದವು. ಸುಮಾರು 30 ಮೀಟರಿಗೊಂದು ಅಳತೆ. ದಟ್ಟ ಕಾಡಿನಲ್ಲಿ ಆ ರೇಡಾರ್ ನೆಲ ಮುಟ್ಟದೆ ಮರದ ನೆತ್ತಿಯ ಹತ್ತಿರವೇ ತಿರುಗಿ ಬಂದಿದೆ. ಹಾಗಾಗಿ ಇಪ್ಪತ್ತು ಮೂವತ್ತು ಮೀಟರಿನ ಬಂಡೆ ಜಾರು ನಿಮ್ಮ ನಕ್ಷೆಯಲ್ಲಿ ಕಾಣದೇ ಇರಬಹುದು. ಹತ್ತು ಮೀಟರಿಗೊಂದು ಗೆರೆ ಇರುವ ನಕ್ಷೆ ಸಿಕ್ಕಿತು ಅಂತ ಹಿಗ್ಗಬೇಡಿ, ಗೆರೆ ಜಾಸ್ತಿ ಎಳೆದಿದ್ದಾರೆ ಅಷ್ಟೇ, ಅಳತೆ ಅದೇ. ಫೈಲ್ ಮಾತ್ರ ದಪ್ಪ ಆಗಿರುತ್ತದೆ.

ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಗಳೂ ಇವೆ, ಒಂದೊಂದು ಹಾಳೆ ಸುಮಾರು 27 ಕಿ.ಮೀ. ಉದ್ದಗಲ. ಅದನ್ನು ಸ್ಕ್ಯಾನ್ ಮಾಡಿ ಹಾಕಿಕೊಳ್ಳುವುದಾದರೆ ಒಂದು ಎಚ್ಚರಿಕೆ. ಹಳೇ ಹಾಳೆಗಳು ಭೂಮಿಯ ಆಕಾರದ ಎವರೆಸ್ಟ್ ಅನ್ನುವ ಲೆಕ್ಕದಲ್ಲಿ ಮಾಡಿದವು, ಜಿಪಿಎಸ್ ನಡೆಯುವುದು ಡಬ್ಲ್ಯುಜಿಎಸ್ 84 ಅನ್ನುವ ಬೇರೆ ಲೆಕ್ಕದ ಮೇಲೆ. ಹೊಂದಿಸದೇ ಹಾಕಿದರೆ ನಮ್ಮ ಕಡೆ ನೂರು ಮೀಟರಿಗೂ ಮೀರಿ ಜಾಗ ಪಕ್ಕಕ್ಕೆ ಸರಿಯುತ್ತದೆ. ಹೊಸ ಓಪನ್ ಸೀರೀಸ್ ಹಾಳೆಗಳಲ್ಲಿ ಈ ತಲೆನೋವಿಲ್ಲ.

ಇಷ್ಟೆಲ್ಲ ಹೇಳಿ, ಉಪಕರಣ ಬೇಕೇ ಬೇಕಾ ಅನ್ನುವ ಪ್ರಶ್ನೆ ಬಿಟ್ಟರೆ ಮೋಸವಾದೀತು. ನೆಟ್‌ವರ್ಕ್ ಇಲ್ಲದಿದ್ದರೆ ಫೋನಿನ ಜಿಪಿಎಸ್ ನಡೆಯಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಅದು ಸರಿಯಲ್ಲ. ಉಪಗ್ರಹದ ಸಿಗ್ನಲ್‌ಗೂ ಟವರ್‌ಗೂ ಸಂಬಂಧವಿಲ್ಲ. ಟವರ್ ಇದ್ದರೆ ಮೊದಲ ಸಲ ಜಾಗ ಬೇಗ ಸಿಗುತ್ತದೆ, ಇಲ್ಲದಿದ್ದರೆ ಸ್ವಲ್ಪ ಹೊತ್ತು ಬಯಲಲ್ಲಿ ಇಡಬೇಕು. ಆರ್ಗಾನಿಕ್ ಮ್ಯಾಪ್ಸ್, ಓಸ್ಮ್ಆ್ಯಂಡ್‌ನಂಥ ಆ್ಯಪ್‌ಗಳಲ್ಲಿ ಕರ್ನಾಟಕದ ನಕ್ಷೆ ಮನೆಯಲ್ಲೇ ಇಳಿಸಿಕೊಂಡು, ದಾರಿಯಲ್ಲಿ ಏರೋಪ್ಲೇನ್ ಮೋಡ್ ಹಾಕಿದರೆ ಬ್ಯಾಟರಿ ಎಷ್ಟೋ ಉಳಿಯುತ್ತದೆ. ಘಟ್ಟದಲ್ಲಿ ಬ್ಯಾಟರಿ ಹೀರುವುದು ಜಿಪಿಎಸ್‌ಗಿಂತ ಹೆಚ್ಚಾಗಿ ಸಿಗದ ಟವರನ್ನು ಹುಡುಕುವ ಕೆಲಸ, ಮತ್ತೆ ಬೆಳಗುವ ಪರದೆ. ಜೊತೆಗೆ ಒಂದು ಪವರ್ ಬ್ಯಾಂಕ್ ಇದ್ದರೆ ವರ್ಷಕ್ಕೆ ಎರಡು ಮೂರು ಸಲ ಒಂದೆರಡು ದಿನದ ಚಾರಣ ಮಾಡುವವರಿಗೆ ಅಷ್ಟೇ ಸಾಕು. ಒದ್ದೆ ಕೈಗೆ ಟಚ್ ಸ್ಕ್ರೀನ್ ಮಾತು ಕೇಳಲ್ಲ, ಬಂಡೆ ಮೇಲೆ ಬಿದ್ದರೆ ಗಾಜು ಹೋಯಿತು, ಅದೇ ಫೋನು ತುರ್ತು ಕರೆಗೂ ಬೇಕು. ಹ್ಯಾಂಡ್‌ಹೆಲ್ಡ್ ತಗೊಳ್ಳಲು ಸರಿಯಾದ ಕಾರಣ ಅಂದರೆ ಇವು. ಗುಂಡಿ ಒತ್ತುವ, ಪೆಟ್ಟು ತಡೆಯುವ, ಅಂಗಡಿಯಲ್ಲಿ ಸಿಗುವ ಸೆಲ್ ಹಾಕಿದರೆ ಇಪ್ಪತ್ತೈದು ಗಂಟೆ ನಡೆಯುವ ಉಪಕರಣಕ್ಕೆ ಅದರದ್ದೇ ಬೆಲೆ ಇದೆ.

ತೋಟದ ಗಡಿ ಬಗ್ಗೆ ಕೇಳಿದ್ದೀರಿ. ಕೊಳವೆಬಾವಿ, ಗೇಟ್ ವಾಲ್ವ್, ಕಪ್ಪು (ನೀರು ಬಸಿದು ಹೋಗುವ ಕಾಲುವೆ) ಹಾದು ಹೋಗುವ ದಾರಿ, ಇಂಥದ್ದನ್ನೆಲ್ಲ ಗುರುತು ಮಾಡಿಟ್ಟುಕೊಳ್ಳಿ, ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಗಡಿ ಮಾತ್ರ ಬೇಡ. ಬಯಲಲ್ಲಿ ಈ ಉಪಕರಣಗಳು ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತವೆ, ಅಡಿಕೆ ಮರದ ನೆರಳಲ್ಲಿ ಇನ್ನೂ ಜಾಸ್ತಿ. ಅಡಿಕೆ ಮರಗಳ ನಡುವಿನ ಅಂತರವೇ ಒಂಬತ್ತು ಅಡಿ, ಅಂದರೆ ಮೂರು ಮೀಟರೂ ಇಲ್ಲ. ಒಂದು ಸಾಲು ನಿಮ್ಮದೋ ಪಕ್ಕದವರದೋ ಅನ್ನುವುದನ್ನೇ ಇದು ತೀರ್ಮಾನ ಮಾಡಲಾರದು. ಚೌಕಾಕಾರದ ಒಂದು ಎಕರೆಯ ನಾಲ್ಕು ಮೂಲೆ ಹಿಡಿದರೆ ವಿಸ್ತೀರ್ಣದಲ್ಲಿ ಎರಡು ಮೂರು ಗುಂಟೆ ಹೆಚ್ಚುಕಮ್ಮಿ ಆಗುವುದು ಮಾಮೂಲು. ಈ ಅಳತೆ ಹಿಡಿದುಕೊಂಡು ಪಕ್ಕದ ತೋಟದವರ ಹತ್ತಿರ ಮಾತಿಗೆ ಹೋಗಬೇಡಿ, ಸಂಬಂಧ ಕೆಡುತ್ತದೆ ಅಷ್ಟೇ. ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯವರಿಂದಲೇ ಅಳೆಸಿ. ಅವರು ಬಳಸುವ ಸೆಂಟಿಮೀಟರ್ ಮಟ್ಟದ ಉಪಕರಣವೇ ಬೇರೆ.

ಹಾಗಾದರೆ ಯಾವುದು ತಗೊಳ್ಳಬೇಕು? ಗೆಳೆಯರ ಇಟ್ರೆಕ್ಸ್ 10ರಲ್ಲಿ ಕಾರ್ಡ್ ಹಾಕಲು ಜಾಗವಿಲ್ಲ, ಪರದೆ ಕಪ್ಪುಬಿಳುಪು, ಬೇಸ್‌ಮ್ಯಾಪ್ ಬಿಟ್ಟು ಬೇರೆ ನಕ್ಷೆ ಹಾಕುವ ಹಾಗಿಲ್ಲ. ಹೋದ ದಾರಿಯಲ್ಲೇ ವಾಪಸ್ ಬರಲು, ಯಾರೋ ಕೊಟ್ಟ ಟ್ರ್ಯಾಕ್ ಹಿಡಿದು ನಡೆಯಲು ಅದು ಇವತ್ತಿಗೂ ಗಟ್ಟಿ ಯಂತ್ರ. ನಿಮಗೆ ನಕ್ಷೆ ಬೇಕು, ಹಾಗಾಗಿ ಬೇಡ. 2023ರಲ್ಲಿ ಬಂದ ಇಟ್ರೆಕ್ಸ್ ಎಸ್‌ಇ ಕೂಡ ಹಾಗೇ, ಬ್ಯಾಟರಿ ವಾರಗಟ್ಟಲೆ ಬರುತ್ತದೆ ಅಂತ ಮೋಹ ಬೇಡ, ಅದರ ಪರದೆಯಲ್ಲಿ ನಕ್ಷೆಯೇ ಬರುವುದಿಲ್ಲ. ನಿಮ್ಮ ಮಟ್ಟಿಗೆ ಇಟ್ರೆಕ್ಸ್ 22ಎಕ್ಸ್ ಸಾಕು. ಸ್ವಲ್ಪ ಜಾಸ್ತಿ ಹಾಕಬಹುದು ಅಂದರೆ 32ಎಕ್ಸ್. ಮೆಮೊರಿ ಎರಡರದ್ದೂ 8 ಜಿಬಿಯೇ, ಆದರೆ 32ಎಕ್ಸ್‌ನಲ್ಲಿ ನಿಂತಲ್ಲೇ ದಿಕ್ಕು ತೋರಿಸುವ ದಿಕ್ಸೂಚಿ ಮತ್ತು ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಸೆನ್ಸರ್ ಇದೆ. 22ಎಕ್ಸ್‌ಗೆ ದಿಕ್ಕು ಗೊತ್ತಾಗುವುದು ನೀವು ನಡೆಯುತ್ತಿದ್ದರೆ ಮಾತ್ರ, ಮಂಜಿನಲ್ಲಿ ಕವಲುದಾರಿಗೆ ಬಂದು ನಿಂತಾಗ ಬಾಣ ಎತ್ತಲೋ ತಿರುಗಿರುತ್ತದೆ. ನನ್ನ ಲೆಕ್ಕದಲ್ಲಿ ಹೆಚ್ಚಿನ ದುಡ್ಡನ್ನು ಜಿಬಿಗೆ ಹಾಕುವ ಬದಲು ಇದಕ್ಕೆ ಹಾಕಬೇಕು. ಜಿಪಿಎಸ್‌ಮ್ಯಾಪ್ 65ರ ಸಾಲಿನದ್ದನ್ನು ದಟ್ಟ ಕಾಡಿನಲ್ಲಿ ದಿನವಿಡೀ ಕೆಲಸ ಮಾಡುವವರಿಗೆ ನಾನು ಹೇಳುತ್ತೇನೆ. ಅದರಲ್ಲೂ ದಿಕ್ಸೂಚಿ ಬೇಕೆಂದರೆ ಎಸ್ ಅಕ್ಷರ ಇರುವ 65ಎಸ್ ಆಗಬೇಕು, ಸೆಲ್ ಬಾಳಿಕೆಯೂ ಇಟ್ರೆಕ್ಸ್‌ಗಿಂತ ಕಮ್ಮಿ, ಹದಿನಾರು ಗಂಟೆ.

ಭಾವನವರಿಗೆ ಒಂದು ವಿಷಯವನ್ನು ಮಾತ್ರ ಫೋನ್ ಮಾಡಿಯೇ ಹೇಳಿ. ಇನ್‌ರೀಚ್ ಅಂತ ಹೆಸರಿರುವುದನ್ನಾಗಲಿ, ಜಿಪಿಎಸ್‌ಮ್ಯಾಪ್ 66ಐ, 67ಐ ಅಂತ ಕೊನೆಯಲ್ಲಿ ಐ ಅಕ್ಷರ ಇರುವುದನ್ನಾಗಲಿ ತರುವುದು ಬೇಡ. ಅಲ್ಲಿ ಅವು ಚಾರಣಿಗರ ಕೈಯಲ್ಲಿ ಮಾಮೂಲು, ಅಂಗಡಿಯವನೂ "ಇದೇ ಬೆಸ್ಟ್" ಅಂತ ಕೊಡುತ್ತಾನೆ. ಅವು ಉಪಗ್ರಹದ ಮೂಲಕ ಮೆಸೇಜ್ ಕಳಿಸುತ್ತವೆ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅಂಥದ್ದನ್ನು ಇಟ್ಟುಕೊಳ್ಳುವ ಹಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಇದೇ ಕಾರಣಕ್ಕೆ ವಿದೇಶಿ ಪ್ರವಾಸಿಗರೊಬ್ಬರು ಪೊಲೀಸರ ಕೈಗೆ ಸಿಕ್ಕಿಬಿದ್ದರು. 22ಎಕ್ಸ್, 32ಎಕ್ಸ್, 65 ಸಿಗ್ನಲ್ ಪಡೆಯುವುದಷ್ಟೇ ಮಾಡುತ್ತವೆ, ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಡಬ್ಬಿಯ ಮೇಲಿನ ಮಾಡೆಲ್ ಹೆಸರಿನ ಫೋಟೊ ತೆಗೆದು ಕಳಿಸಲಿ, ನೋಡಿ ಹೂಂ ಅಂದ ಮೇಲೆ ದುಡ್ಡು ಕೊಡಲಿ. ಉಪಕರಣ ಬರುವಷ್ಟರಲ್ಲಿ ನೀವು ಇಲ್ಲಿ ಕಾರ್ಡ್ ತಂದು, ನಕ್ಷೆ ಇಳಿಸಿ, ಫೋಲ್ಡರ್ ಮಾಡಿ ಇಟ್ಟಿರಿ. ಮೊದಲ ಸಲ ಕುದುರೆಮುಖಕ್ಕೆ ಒಯ್ಯಬೇಡಿ. ತೀರ್ಥಹಳ್ಳಿಯ ಮನೆ ಸುತ್ತ, ನಿಮಗೆ ಕಣ್ಣು ಕಟ್ಟಿದರೂ ಗೊತ್ತಾಗುವ ದಾರಿಯಲ್ಲಿ ಒಂದು ಭಾನುವಾರ ನಡೆದು ನೋಡಿ. ಹೊಳೆ, ರಸ್ತೆ, ನಿಮ್ಮ ಗುರುತು ಮೂರೂ ಇರಬೇಕಾದ ಕಡೆ ಇದ್ದರೆ ಕಾರ್ಡ್ ಸರಿಯಾಗಿ ಕೂತಿದೆ ಅಂತ ಅರ್ಥ.